ಎ ಯಾವುದು, ಬಿ ಯಾವುದು

ನಮ್ಮ ಕಡೆ ಮದುವೆಯಲ್ಲಿ ಹುಡುಗಿಗೆ ಗಂಡನ ಮನೆಯವರು ಹೊಸ ಹೆಸರಿಡುವುದುಂಟು. ನನಗೂ ಇಟ್ಟರು. ದಾಂಡೇಲಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಹಾಕಿದಾಗ ಬೋರ್ಡಿಗೆ ಅದನ್ನೇ ಬರೆಸಿದೆ. ತವರಿನ ಹೆಸರು ತೇರಗಾಂವದಲ್ಲೇ ಉಳಿಯಿತು. ಅದಕ್ಕಾಗಿ ನಾನೇನೂ ಅತ್ತವಳಲ್ಲ.

ಕಳೆದ ಬೇಸಿಗೆಯಲ್ಲಿ ಊರಿನಿಂದ ಖಾಲಾ ಬಂದರು. ಉರ್ದುವಿನಲ್ಲಿ ಖಾಲಾ ಎಂದರೆ ಚಿಕ್ಕಮ್ಮ; ಇವರು ತವರಿನ ಪಕ್ಕದ ಮನೆಯವರು, ನನ್ನನ್ನು ಎತ್ತಿ ಆಡಿಸಿದವರು. ಅವರ ಗಂಡ ತೀರಿಕೊಂಡು ವರ್ಷವಾಗಿತ್ತು. ಮನೆಯ ಕಂಪ್ಯೂಟರು ಕೆಟ್ಟಿದ್ದರಿಂದ ಅದರ ಹಾರ್ಡ್ ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ ತಂದಿದ್ದರು. ಹಕ್ಕಿ ನೋಡಲು ಅತ್ತಿವೇರಿಗೆ ಹೋದಾಗ ಗಂಡ ತೆಗೆದ ವಿಡಿಯೊ ಅದರಲ್ಲಿತ್ತು.

"ಅವರ ದನಿ ಇದ್ರಾಗ ಅಷ್ಟ ಐತಿ," ಎಂದರು. "ಬ್ಯಾರೆ ಎಲ್ಲೂ ಇಲ್ಲ."

ಡಿಸ್ಕು ಕೆಡುವ ಹಂತಕ್ಕೆ ಬಂದು ಆಗಲೇ ಕಟಕಟ ಅನ್ನುತ್ತಿತ್ತು. ನನ್ನಲ್ಲಿ ಅದೇ ಕಂಪನಿಯ, ಅಷ್ಟೇ ದೊಡ್ಡ ಹಳೆಯದೊಂದಿತ್ತು. ಅದನ್ನು ಪೂರ್ತಿ ಅಳಿಸಿ, ಖಾಲಾ ಅವರದನ್ನು ಅದಕ್ಕೆ ಇಳಿಸಬೇಕಿತ್ತು. ಎರಡನ್ನೂ ಅಂಗಡಿಯ ಲಿನಕ್ಸ್ ಯಂತ್ರಕ್ಕೆ ಜೋಡಿಸಿದೆ. ಪ್ರತಿ ಸಲ ಶುರುವಾದಾಗಲೂ ಮೊದಲು ಕಣ್ಣಿಗೆ ಬಿದ್ದ ಡಿಸ್ಕಿಗೆ ಎಸ್‌ಡಿಎ, ಆಮೇಲಿನದಕ್ಕೆ ಎಸ್‌ಡಿಬಿ ಎಂದು ಹೆಸರಿಟ್ಟು ಯಂತ್ರ ಕೈತೊಳೆದುಕೊಳ್ಳುತ್ತದೆ. ಕಾರ್ಖಾನೆಯಲ್ಲಿ ಕೊಟ್ಟ ಸೀರಿಯಲ್ ನಂಬರು ಮಾತ್ರ ಡಿಸ್ಕು ಎಲ್ಲಿಗೆ ಹೋದರೂ ಜೊತೆಗಿರುತ್ತದೆ. ಆದರೆ ನಾವಾಗಿ ಕೇಳಿದರಷ್ಟೇ ಯಂತ್ರ ಅದನ್ನು ಹೇಳುತ್ತದೆ.

ಖಾಲಾ ಅವರದು ಎ, ನನ್ನದು ಬಿ ಎಂದು ನೋಡಿಕೊಂಡೆ. ಅಷ್ಟರಲ್ಲಿ ಕರೆಂಟು ಹೋಯಿತು. ಬಂದ ಮೇಲೆ ಯಂತ್ರವನ್ನು ಮತ್ತೆ ಶುರುಮಾಡಿ, ಬಿ ಡಿಸ್ಕನ್ನು ಅಳಿಸುವ ಆದೇಶ ಟೈಪ್ ಮಾಡಿದೆ. ಎಂಟರ್ ಒತ್ತುವುದೊಂದು ಬಾಕಿ.

ಹಿಂದಿನಿಂದ ಖಾಲಾ ನನ್ನನ್ನು ತವರಿನ ಹೆಸರು ಹಿಡಿದು ಕರೆದರು. ಕುಡಿಯಲು ನೀರು ಬೇಕಿತ್ತಂತೆ. ದಾಂಡೇಲಿಯಲ್ಲಿ ಯಾರ ಬಾಯಲ್ಲೂ ಇಲ್ಲದ ಹೆಸರದು. ಕೈ ತಾನಾಗಿ ಕೀಬೋರ್ಡ್ ಬಿಟ್ಟಿತು. ನೀರು ಕೊಟ್ಟು ಬಂದು ಕೂತಾಗ, ಎರಡೂ ಡಿಸ್ಕುಗಳ ಸೀರಿಯಲ್ ನಂಬರು ಕೇಳಿ ನೋಡೋಣ ಎನಿಸಿತು. ಎ, ಬಿ ಅದಲುಬದಲಾಗಿದ್ದವು. ನಾನು ಅಳಿಸಹೊರಟಿದ್ದು ಅವರ ಡಿಸ್ಕನ್ನು. ಆದೇಶದಲ್ಲಿ ಬಿ ತೆಗೆದು ಎ ಎಂದು ತಿದ್ದಿ, ಆಮೇಲೆ ಎಂಟರ್ ಒತ್ತಿದೆ.

ಸಂಜೆಯ ಹೊತ್ತಿಗೆ ಎಲ್ಲ ಇಳಿಸಿ ಮುಗಿಯಿತು. ಖಾಲಾರನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿಡಿಯೊ ಹಚ್ಚಿದೆ. ನೀರು, ಬಿಳಿಯ ಹಕ್ಕಿಗಳು, ದಂಡೆಯ ಮೇಲೆ ಬೆನ್ನು ಮಾಡಿ ನಿಂತ ಖಾಲಾ. ಅವರ ಗಂಡ ಎಲ್ಲೂ ಕಾಣಿಸಲಿಲ್ಲ; ಕ್ಯಾಮೆರಾ ಹಿಡಿದವರು ಅವರೇ ಅಲ್ಲವೇ. ಸ್ವಲ್ಪ ಹೊತ್ತಿಗೆ ಅವರ ದನಿ ಬಂತು. ಹೆಂಡತಿಯ ಹೆಸರು ಹಿಡಿದು ಕರೆದು, "ಇಧರ್ ದೇಖ್," ಎಂದರು, ಇತ್ತ ನೋಡು ಎಂದು.

ನನ್ನ ಪಕ್ಕದಲ್ಲಿದ್ದ ಖಾಲಾ ಗಕ್ಕನೆ ಬಾಗಿಲ ಕಡೆ ತಿರುಗಿ ನೋಡಿದರು.