ಅರ್ಜುನಪ್ಪನ ನೇಪಲ್ಸ್ ಊಟ

ಸಿದ್ಧಾಪುರದ ತೋಟಗಾರ ಅರ್ಜುನಪ್ಪ ತನ್ನ ಪರದೇಶ ಯಾತ್ರೆಯ ಕಥೆ ಹೇಳುವಾಗ ಮೊದಲು ಹೊಟ್ಟೆಯನ್ನು ತಟ್ಟಿ ತೋರಿಸುತ್ತಿದ್ದ. "ಇಟಲಿ ನೋಡಿ ಬಂದಿದ್ದು ಇದು. ನಾನು ಸುಮ್ನೆ ಇದನ್ನ ಹೊತ್ಕೊಂಡ್ ಹೋಗಿದ್ದೆ, ಅಷ್ಟೆ." ಸಿದ್ದಿಕಟ್ಟೆಯ ಸಂತೆಯಲ್ಲಿ ಸೊಪ್ಪು ಮಾರುವವರು ಈ ಮಾತನ್ನು ಎಷ್ಟೋ ಸಲ ಕೇಳಿದ್ದರು, ಆದರೂ ಬುಟ್ಟಿ ಬದಿಗಿಟ್ಟು ಕೂರುತ್ತಿದ್ದರು.

ಲಾಲ್‌ಬಾಗಿನ ಬೇಲಿಗೆ ಒತ್ತಿಕೊಂಡು ಅವನದೊಂದು ತೋಟವಿತ್ತು. ಪೇಟೆಯವರಿಗೆ ಸೊಪ್ಪು, ಬದನೆ, ಹುರುಳಿಕಾಯಿ ಬೆಳೆಯುತ್ತಿದ್ದ. ದಂಡಿನ ಬಿಳಿ ದೊರೆಗಳಿಗೆಂದೇ ಕೋಸು, ಗಜ್ಜರಿ, ಟೊಮ್ಯಾಟೊ ಬೆಳೆಯುತ್ತಿದ್ದ. ಆಗ ಅವನ ಪೈಕಿಯವರಲ್ಲಿ ಯಾರೂ ಟೊಮ್ಯಾಟೊ ಹಣ್ಣನ್ನು ಒಲೆಯ ಹತ್ತಿರ ಸೇರಿಸುತ್ತಿರಲಿಲ್ಲ. ಕುಯ್ದರೆ ರಕ್ತದ ಹಾಗೆ ಸುರಿಯುತ್ತದೆ, ದೊರೆಗಳೇ ತಿಂದುಕೊಳ್ಳಲಿ ಎನ್ನುತ್ತಿದ್ದರು. ಹದಿನೆಂಟು ವರ್ಷ ಅದನ್ನು ಬೆಳೆದ ಅರ್ಜುನಪ್ಪ ಒಂದು ಚೂರನ್ನೂ ಬಾಯಿಗೆ ಹಾಕಿದವನಲ್ಲ. ದಂಡಿಗೆ ಬುಟ್ಟಿ ಹೊತ್ತುಕೊಂಡು ಹೋಗಿ, ಇಳಿಸಿ, ಕೈ ತೊಳೆದುಕೊಂಡು ಬರುತ್ತಿದ್ದ.

೧೯೧೧ರಲ್ಲಿ ದಂಡಿನ ಒಬ್ಬ ಮುದಿ ದೊರೆ ತನ್ನ ದೇಶಕ್ಕೆ ಹೊರಟ. ಅವನ ಬಂಗಲೆಯ ಹೂದೋಟವನ್ನೂ ಅರ್ಜುನಪ್ಪನೇ ನೋಡಿಕೊಳ್ಳುತ್ತಿದ್ದ. ದಾರಿಯಲ್ಲಿ ಇಟಲಿಯ ನೇಪಲ್ಸ್ ಎಂಬ ದೊಡ್ಡ ಊರಿನಲ್ಲಿ ಹತ್ತು ದಿನ ಇಳಿದು, ಅಲ್ಲಿನ ಗೆಳೆಯನಿಗೆ ನಮ್ಮ ಕಡೆಯ ಸೀತಾಳೆ ಹೂವಿನ ಗಿಡಗಳನ್ನು ಕೊಡಬೇಕೆಂದು ದೊರೆಯ ಆಸೆ. ಹಡಗಿನಲ್ಲಿ ಗಿಡ ಒಣಗದಂತೆ ನೋಡಿಕೊಳ್ಳಲು ಅರ್ಜುನಪ್ಪನೂ ಬರಬೇಕೆಂದ.

ಹೆಂಡತಿ ಮುನಿಗಂಗಮ್ಮ ಎರಡು ದಿನ ಅತ್ತಳು. ಮೂರನೆಯ ದಿನ ದೀಪ ಹಚ್ಚಿ, ಅತ್ತೆ ದ್ರೌಪದಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗಂಡನ ಕೈಯನ್ನು ದೀಪದ ಮುಂದೆ ಹಿಡಿದಳು.

"ಅಲ್ಲಿನೋರು ಬೇಯಿಸಿದ್ದು ಒಂದಗಳೂ ಮುಟ್ಟಲ್ಲ ಅಂತ ಆಣೆ ಮಾಡಿ."

ಅವನು ಮಾಡಿದ. "ಊಟ ಆದ್ಮೇಲೆ ಆಣೆ ಮಾಡ್ಬಾರ್ದು ಕಣ್ರಪ್ಪ," ಎಂದು ಆಮೇಲೆ ಹೇಳುತ್ತಿದ್ದ. "ತುಂಬಿದ್ ಹೊಟ್ಟೆಗೆ ಏನ್ ಬೇಕಾದ್ರೂ ಒಪ್ಕೊಳ್ಳೋ ಧೈರ್ಯ."

ಅವಳು ಕಟ್ಟಿಕೊಟ್ಟ ಹುರಿಹಿಟ್ಟಿನ ಮೂಟೆ ಸಮುದ್ರದ ನೀರು ಕುಡಿದು, ನೇಪಲ್ಸ್ ಮುಟ್ಟುವ ಹೊತ್ತಿಗೆ ಬೂಷ್ಟು ಹಿಡಿದಿತ್ತು. ದೊರೆ ಗಿಡಗಳನ್ನು ಗೆಳೆಯನಿಗೆ ಒಪ್ಪಿಸಿ, "ಊರು ನೋಡು, ಹೊಟ್ಟೆ ತುಂಬ ತಿನ್ನು. ಪ್ರಪಂಚದ ಜನ ಇಲ್ಲಿಗೆ ಬರೋದೇ ಈ ಎರಡಕ್ಕೆ," ಎಂದ. ಅರ್ಜುನಪ್ಪ ಮೊದಲನೆಯದನ್ನು ಮಾತ್ರ ಮಾಡಿದ. ಬೇಯಿಸದ ಹಣ್ಣಿಗೆ ಆಣೆಯ ತಂಟೆಯಿಲ್ಲವೆಂದು ಹಲ್ಲು ಜುಮ್ಮೆನ್ನುವ ತನಕ ಕಿತ್ತಳೆ ತಿಂದ. ಹಳೆಯ ಕಲ್ಲಿನ ವಿಗ್ರಹಗಳನ್ನಿಟ್ಟ ಒಂದು ಅರಮನೆಗೆ ಹೋದ. ಒಂದಕ್ಕೆ ಕೈಯಿಲ್ಲ, ಇನ್ನೊಂದಕ್ಕೆ ಮೂಗಿಲ್ಲ, ಬಟ್ಟೆ ಯಾವುದಕ್ಕೂ ಇಲ್ಲ. ಭಿನ್ನವಾದ ವಿಗ್ರಹವನ್ನು ನೀರಿಗೆ ಬಿಡದೆ ಇವರೇಕೆ ಹೀಗೆ ಸಾಲಾಗಿ ನಿಲ್ಲಿಸಿದ್ದಾರೆಂದು ಅವನಿಗೆ ಅರ್ಥವಾಗಲಿಲ್ಲ. ಆದರೂ ಯಾಕೆ ಬೇಕು ಎಂದು ಎಲ್ಲಕ್ಕೂ ಕೈಮುಗಿದ. ಹಸಿವಿನ ಮಂಪರಿನಲ್ಲಿ ಬಾಗಿಲ ಕಾವಲುಗಾರನಿಗೂ ಮುಗಿದ. ತಿರುಗಿ ನಮಸ್ಕಾರ ಮಾಡಿದವನು ಅವನೊಬ್ಬನೇ. ಊರಾಚೆ ಹೊಗೆಯಾಡುವ ದೊಡ್ಡ ಬೆಟ್ಟವನ್ನು ಜನ ಬಾಯಿ ತೆರೆದು ನೋಡುತ್ತಿದ್ದರೆ, ಇವನು ಆ ಕರಿಮಣ್ಣಿಗೆ ಮೂಲಂಗಿ ಒಗ್ಗುತ್ತದೋ ಇಲ್ಲವೋ ಎಂದು ಯೋಚಿಸುತ್ತ ನಿಂತಿದ್ದ.

ಮೂರನೆಯ ದಿನ ಒಂದು ಓಣಿಯಲ್ಲಿ ಶಾವಿಗೆ ಕಂಡಿತು. ನಮ್ಮ ಹೆಂಗಸರು ಒಣಹಾಕುವ ಹಾಗೆಯೇ ಗಳುವಿನ ಮೇಲೆ ನೇತುಹಾಕಿದ್ದರು, ಆದರೆ ದಪ್ಪ ದಪ್ಪ. ಪಕ್ಕದಲ್ಲಿ ಒಬ್ಬ ಹೆಂಗಸು ಬೆಂದ ಶಾವಿಗೆಯ ಮೇಲೆ ಕೆಂಪಗೆ ಏನನ್ನೋ ಸುರಿಯುತ್ತಿದ್ದಳು. ಯಾವ ಪ್ರಾಣಿಯ ರಕ್ತವೋ ಎಂದು ಅರ್ಜುನಪ್ಪ ಪಂಚೆ ಎತ್ತಿ ಕಟ್ಟಿ ಓಟ ಕಿತ್ತ. ಮಾರನೆಯ ದಿನ ಅದೇ ಘಮ ಅವನನ್ನು ಅದೇ ಓಣಿಗೆ ತಂದು ನಿಲ್ಲಿಸಿತು. ಆ ಹೆಂಗಸು ಬುಟ್ಟಿಗೆ ಕೈ ಹಾಕಿ ಒಂದು ಹಣ್ಣು ತೆಗೆದು ಹಿಸುಕಿದಳು. ಟೊಮ್ಯಾಟೊ. ಅರ್ಜುನಪ್ಪ ತನ್ನ ಬೆಳೆಗೇ ಹೆದರಿ ಓಡಿಹೋಗಿದ್ದ.

ಅಲ್ಲಿನ ಜನ ನಿಂತಲ್ಲೇ ಶಾವಿಗೆಯನ್ನು ಕೈಯಲ್ಲೆತ್ತಿ, ತಲೆ ಹಿಂದಕ್ಕೆ ಮಾಡಿ ಬಾಯೊಳಗೆ ಇಳಿಬಿಡುತ್ತಿದ್ದರು. ಕೈಯಲ್ಲಿ ಉಣ್ಣುವವರನ್ನು ಕಂಡದ್ದೇ ಅವನಿಗೆ ಕಣ್ಣಲ್ಲಿ ನೀರು ಬಂತು. ಮೂರು ತಟ್ಟೆ ಉಂಡ. ಮುಂದಿನ ಆರು ದಿನ ಮೂರು ಹೊತ್ತೂ ಅದೇ.

ಊರಿಗೆ ಬಂದಾಗ ಮುನಿಗಂಗಮ್ಮ ಹೊಸ್ತಿಲಲ್ಲೇ ನಿಲ್ಲಿಸಿ, "ಆಣೆ?" ಎಂದಳು.

"ನೀನ್ ಕೊಟ್ಟ ಹಿಟ್ಟಲ್ಲೇ ದಿನ ಕಳೆದೆ," ಎಂದ.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಸುದ್ದಿ ಕುಲದವರಿಗೆಲ್ಲ ಹಬ್ಬಿ, ಯಜಮಾನ ಸೊಣ್ಣಪ್ಪ ಜನ ಸೇರಿಸಿ, "ಸಮುದ್ರ ದಾಟಿದ್ರೂ ಆಣೆ ಉಳಿಸ್ಕೊಂಡ್ ಬಂದ ಗಂಡಸು," ಎಂದು ಅವನ ತಲೆಗೆ ರುಮಾಲು ಸುತ್ತಿದ. ರುಮಾಲಿನ ಕೆಳಗೆ ಅರ್ಜುನಪ್ಪನ ತಲೆ ಕುದಿಯುತ್ತಿತ್ತು. ಅಂದಿನಿಂದ ಮನೆಯಲ್ಲಿ ಆ ಹಣ್ಣಿನ ಸಾರು ಮಾಡೆಂದು ಕೇಳುವ ಹಾಗಿಲ್ಲ. ಕೇಳಿದರೆ ರುಚಿ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆ ಬರುತ್ತದೆ. ಏಳು ವರ್ಷ ಅವನು ಬಾವಿಯ ಹಿಂದೆ ಕೆಂಡದಲ್ಲಿ ಟೊಮ್ಯಾಟೊ ಸುಟ್ಟು, ಉಪ್ಪು ಹಚ್ಚಿ ತಿಂದು, ಮೀಸೆ ಒರೆಸಿಕೊಂಡು ಮನೆಗೆ ಬರುತ್ತಿದ್ದ.

೧೯೧೮ರ ವಿಷಜ್ವರ ಬಂತು. ದ್ರೌಪದಮ್ಮ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ಬಸವನಗುಡಿಯಲ್ಲಿ ಬೀದಿಗೆ ಬೀದಿಯೇ ಬಾಗಿಲು ಹಾಕಿಕೊಂಡಿತು. ಮುನಿಗಂಗಮ್ಮ ಮಲಗಿದಳು. ಹತ್ತು ದಿನಕ್ಕೆ ಜ್ವರ ಇಳಿದರೂ ಬಾಯಿ ಕಹಿ, ಗಂಜಿ ಕಂಡರೆ ಮುಖ ತಿರುಗಿಸುತ್ತಿದ್ದಳು. "ಹೊಟ್ಟೆಗೆ ಏನಾದ್ರೂ ಹೋದ್ರೆ ಉಳೀತಾಳೆ," ಎಂದು ಪಂಡಿತರು ಹೇಳಿ ಹೋದರು. ಅರ್ಜುನಪ್ಪ ಮಾಡಿಟ್ಟ ಮುದ್ದೆ, ಬಸ್ಸಾರು, ತಿಳಿಮಜ್ಜಿಗೆ ಯಾವುದೂ ಒಳಗೆ ಹೋಗಲಿಲ್ಲ. ಅವಳ ಮಣಿಕಟ್ಟು ತನ್ನ ಎರಡು ಬೆರಳಿನಷ್ಟಾಗಿದ್ದನ್ನು ನೋಡಿ ಅವನಿಗೆ ಹೆದರಿಕೆ ಹತ್ತಿತು. ಸತ್ತ ಬಾಯಿಗೆ ರುಚಿ ತರುವ ಒಂದೇ ಒಂದು ಅಡುಗೆ ಅವನಿಗೆ ಗೊತ್ತಿತ್ತು. ಅದನ್ನು ಮಾಡಿದರೆ ರುಮಾಲು ಹೋಗುತ್ತದೆ, ಹೆಂಡತಿಯ ಮುಂದೆ ಮಾನವೂ ಹೋಗುತ್ತದೆ. ಹೋಗಲಿ ಎಂದು ತೋಟಕ್ಕೆ ನಡೆದು ಹಣ್ಣು ಕಿತ್ತು ತಂದ.

ಸಾರು ತಂದಿಟ್ಟು, ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಬೂಷ್ಟು, ಓಣಿ, ಮೂರು ತಟ್ಟೆ, ಬಾವಿಯ ಹಿಂದಿನ ಕೆಂಡ. "ಸುಳ್ಳು ನಂದು. ನಿಂಗ್ ದೋಷ ಬರಲ್ಲ. ಒಂದ್ ಗುಟುಕು ಕುಡಿ," ಎಂದ.

ಮುನಿಗಂಗಮ್ಮ ಕುಡಿದಳು. ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡು ನುಂಗಿದಳು.

"ಬೆಲ್ಲ ಹಾಕಿಲ್ಲ ನೀವು," ಎಂದಳು. "ಈ ಹಣ್ಣಿಗೆ ಒಂದ್ ಚೂರು ಬೆಲ್ಲ ಬೇಕು. ಇಲ್ದಿದ್ರೆ ಹುಳಿ ಗಂಟ್ಲು ಹಿಡಿಯುತ್ತೆ."

"ನಿಂಗೆಂಗ್ ಗೊತ್ತು?"

"ನೀವು ಹಡಗು ಹತ್ತಿದ್ರಿ. ದಂಡಿಗೆ ಹೊರೋರ್ ಯಾರು? ಹಣ್ಣು ಗಿಡದಲ್ಲೇ ಕೊಳೀತಿತ್ತು. ಹೊಟ್ಟೆ ಉರೀತು, ತಂದು ಸಾರು ಮಾಡ್ದೆ. ಅತ್ತೆನೂ ಎರಡ್ ಸಲ ಹಾಕಿಸ್ಕೊಂಡ್ರು. ಆಮೇಲೂ ನೀವು ಸಂತೆಗೆ ಹೋದ ದಿನ ಮಾಡ್ಕೋತಿದ್ದೆ."

"ಹೇಳ್ಬಾರ್ದಿತ್ತಾ?"

"ನೀವು ಆಣೆ ಉಳಿಸ್ಕೊಂಡ್ ಬಂದೋರು. ನಿಮ್ಮೆದುರಿಗೆ ಯಾವ ಬಾಯಲ್ಲಿ ಹೇಳ್ಲಿ?"

ಅರ್ಜುನಪ್ಪ ಹೊತ್ತ ರುಮಾಲಿಗೆ ಹೆದರಿ ಅವಳು ಏಳು ವರ್ಷ ಕದ್ದು ಉಂಡಿದ್ದಳು. ಅವನು ಹುಡುಕಿಕೊಂಡು ಬೆಲ್ಲದ ಚೂರು ತಂದು ಹಾಕಿ ಕದಡಿದ. ಅವಳು ಬಟ್ಟಲು ಖಾಲಿ ಮಾಡಿ ಮುಂದಕ್ಕೆ ಚಾಚಿದಳು.

"ಇನ್ನೊಂದ್ ಸೌಟು ಹಾಕಿ," ಎಂದಳು. "ನಿಮಗೂ ಒಂದ್ ತಟ್ಟೆ ತಗೊಂಡ್ ಬನ್ನಿ."