ಹೊತ್ತಿಸದ ಚುಟ್ಟದ ನಿರ್ಮಾಪಕರು

ದೊಡ್ಡವರ ಜೀವನಚರಿತ್ರೆ ಓದಿದರೆ ಮನುಷ್ಯ ಎತ್ತರಕ್ಕೇರುತ್ತಾನೆ ಎಂದು ಹಿರಿಯರು ಹೇಳುತ್ತಾರೆ. ನಮ್ಮ ಮೂರ್ತಿಗಳು ಓದಿ, ಕೋಟುಗಳ ನಡುವೆ ಅಡಗಿ ನಿಂತರು.

ಮೊನ್ನೆ ಚಳಿ ಶುರುವಾಯಿತೆಂದು ಹಳೆಯ ಉದ್ದ ಕೋಟು ತೆಗೆದೆ ನೋಡಿ, ಜೇಬಿನಿಂದ ತಂಬಾಕಿನ ವಾಸನೆ. ಕೈ ಹಾಕಿದರೆ ಒಂದು ಚುಟ್ಟ. ತುದಿಯಲ್ಲಿ ಹಲ್ಲಿನ ಗುರುತಿದೆ, ಬೆಂಕಿ ಕಂಡಿಲ್ಲ. ಮೂರ್ತಿಗಳದೇ.

ಡಚ್ಚರ ನಾಡಿನ ಬೈಟನ್‌ವೆಲ್ಡರ್ಟ್ ಬಡಾವಣೆಯಲ್ಲಿ ನಮ್ಮ ಮೇಲಿನ ಮನೆಯವರು. ಹಗಲು ಕಂಪ್ಯೂಟರ್ ಕೆಲಸ, ಸಂಜೆ ಒಂದೇ ಪುಸ್ತಕ: ಕಪ್ಪುಬಿಳುಪು ಕಾಲದ ಅಮೆರಿಕನ್ ನಿರ್ಮಾಪಕನೊಬ್ಬನ ಚರಿತ್ರೆ. ಆತ ಅಂಗಿಗುಂಡಿ ಮಾರುತ್ತಿದ್ದವನು, ಸ್ಟುಡಿಯೋ ಕಟ್ಟಿದ, ಮೂರು ಮದುವೆಯಾದ, ಕಂಡವರನ್ನೆಲ್ಲ ಬೈದ. ಆದರೆ ಪ್ರತಿ ಚಿತ್ರವನ್ನೂ ಮೊದಲು ಯಾವುದೋ ಸಣ್ಣ ಊರಿನಲ್ಲಿ ತೋರಿಸಿ, ಬಾಗಿಲ ಬಳಿ ಚುಟ್ಟ ಕಚ್ಚಿ, ಕಾಲರ್ ಏರಿಸಿ ನಿಂತು, ಹೊರಬರುವವರ ಮಾತನ್ನು ಕದ್ದು ಕೇಳುತ್ತಿದ್ದ. ಕೇಳುವುದು ಬಿಟ್ಟ ಮೇಲೆ ಸ್ಟುಡಿಯೋನೂ ಹೋಯಿತಂತೆ. ಮದುವೆಯ ವಿಷಯದಲ್ಲಿ ಮೂರ್ತಿಗಳು ಒಂದಕ್ಕೇ ತೃಪ್ತರಾಗಿ, ಕಾಲರನ್ನೂ ಚುಟ್ಟವನ್ನೂ ಸ್ವೀಕರಿಸಿದರು. ಹೊಗೆ ಕಂಡರೆ ಅರಚುವ ಯಂತ್ರ ಮನೆಯಲ್ಲಿದ್ದುದರಿಂದ ಚುಟ್ಟ ಹೊತ್ತಲಿಲ್ಲ.

ಹೋದ ಚಳಿಗಾಲದಲ್ಲಿ ಅವರ ಹೆಂಡತಿ ವಸುಧಾ ಒಂದು ಚಿತ್ರ ಬರೆದು ನಿರ್ದೇಶಿಸಿದರು. ನಾಯಕಿ ತಾವೇ, ನಿರ್ಮಾಪಕರೂ ಗಂಡನ ಪಾತ್ರದವರೂ ಮೂರ್ತಿ. ಕೊನೆಯಲ್ಲಿ ನಾಯಕಿ ಗಂಡನನ್ನು ಬಿಟ್ಟು ಸೈಕಲ್ ಹತ್ತಿ ಹೊರಡುತ್ತಾಳೆ.

“ವಾಪಸ್ ಬರ್ಲಿ ಕಣೇ. ಜನ ಒಪ್ಪಲ್ಲ.”

“ಜನ ಒಪ್ಪಲ್ವೋ, ನೀವು ಒಪ್ಪಲ್ವೋ? ಕೊನೆ ಮುಟ್ಟಿದ್ರೆ ನನ್ನ ಹೆಸರು ತೆಗೆದುಬಿಡಿ.”

ಪುಸ್ತಕದಲ್ಲಿದ್ದಂತೆ ಬೇರೆ ಊರಿನವರು, ಟಿಲ್‌ಬರ್ಗ್‌ನ ಕನ್ನಡಿಗರೇ ತೀರ್ಮಾನಿಸಲಿ ಎಂದಾಯಿತು. ಅಲ್ಲೊಂದು ಸಭಾಂಗಣದಲ್ಲಿ ಪ್ರದರ್ಶನ, ಜೊತೆಗೆ ಊಟ. ನಮ್ಮವರು ಮುಖದೆದುರು “ಸೂಪರ್ ಸರ್!” ಬಿಟ್ಟು ಬೇರೇನೂ ಹೇಳುವುದಿಲ್ಲ, ನಾನೂ ಅದನ್ನೇ ಹೇಳಿದೆ. ಆದ್ದರಿಂದ ಮೂರ್ತಿಗಳು ನನ್ನ ಉದ್ದ ಕೋಟು ತೊಟ್ಟು, ಚುಟ್ಟ ಕಚ್ಚಿ, ಬಾಗಿಲ ಬಳಿ ತೂಗುಹಾಕಿದ ಕೋಟುಗಳ ಸಾಲಿನಲ್ಲಿ ತಾವೂ ಒಂದು ಕೋಟಾಗಿ ನಿಂತರು.

“ಬಿಸಿಬೇಳೆಬಾತ್ ಯಾರ ಮನೇದು ರೀ?”

“ಪಾರ್ಕಿಂಗ್ ಟೈಮ್ ಮುಗೀತು, ಬೇಗ ಬನ್ನಿ!”

ಹೊರಬಂದವರು ಕಲೆಯ ಬಗ್ಗೆ ಆಡಿದ್ದು ಇಷ್ಟೇ. ಆಮೇಲೆ, ಅಡಿಬರಹ ಓದಿಕೊಂಡೇ ಚಿತ್ರ ನೋಡಿದ್ದ ವಸುಧಾರ ವಯಸ್ಸಾದ ಡಚ್ ಗೆಳತಿ, ತಮ್ಮ ಕೋಟೆಂದು ಮೂರ್ತಿಗಳನ್ನೇ ಎಳೆದರು. ಈ ದೇಶದವರಿಗೆ ದಾಕ್ಷಿಣ್ಯವೆಂಬ ಕಾಯಿಲೆಯಿಲ್ಲ. “ಓ, ಗಂಡ! ನೀನು ತುಂಬಾ ಮಾತಾಡ್ತೀಯ. ಅವಳು ಇನ್ನೂ ಬೇಗ ಹೊರಡಬೇಕಿತ್ತು,” ಎಂದರು ಇಂಗ್ಲಿಷಿನಲ್ಲಿ.

ಹಿಂದೆಯೇ ವಸುಧಾ. ಮೂರ್ತಿಗಳು ಬಾಯಿಂದ ಚುಟ್ಟ ತೆಗೆದು ಜೇಬಿಗಿಟ್ಟರು, ನನ್ನ ಜೇಬಿಗೆ. “ಕೊನೆ ಹಾಗೇ ಇರ್ಲಿ. ನನ್ನನ್ನ ಕತ್ತರಿಸು.”

ಮೊನ್ನೆ ಆ ಚುಟ್ಟ ಹಿಂದಿರುಗಿಸಲು ಮೇಲೆ ಹೋದೆ. ಮೂರ್ತಿಗಳು ಹೊಸ ಚಿತ್ರದ ಕತೆ ಓದಿ ಹೇಳಿ, “ಹೇಗಿದೆ?” ಎಂದರು. ಸೂಪರ್ ಎನ್ನಲು ಬಾಯಿ ತೆರೆದವನು, “ಉದ್ದ ಆಯ್ತು,” ಎಂದೆ. ಆದರೂ ಕಾಫಿ ಬಂತು.

ಹಳೆಯ ಚಿತ್ರ ಕತ್ತರಿ ಬಿದ್ದು ಈಗ ಹದಿನೆಂಟೇ ನಿಮಿಷವಿದೆ. ಅದರಲ್ಲಿ ಮೂರ್ತಿಗಳ ಬೆನ್ನು ಮಾತ್ರ ಕಾಣುತ್ತದೆ.