ಹರಿಕೃಷ್ಣನ ಬೋರ್ಡು, ಗಂಗಾಧರಯ್ಯನವರ ಮೂಗು

ಶಂಕರಪುರದಲ್ಲಿ ಹರಿಕೃಷ್ಣನ ಬಲಗೈ ಉಂಗುರದ ಬೆರಳಿನ ಕೀರ್ತಿ ಮುಟ್ಟದ ಬೀದಿ ಇರಲಿಲ್ಲ. ಕುಂಕುಮ ಇಡದೆ ಆ ಮಹಾನುಭಾವ ಯಾವ ವಸ್ತುವನ್ನೂ ಬಳಕೆಗೆ ತಂದವನಲ್ಲ. ಕುಕ್ಕರು, ಛತ್ರಿ, ಗ್ಯಾಸ್ ಸಿಲಿಂಡರು ಹಾಗಿರಲಿ, ಹೊಸ ಹಲ್ಲುಜ್ಜುವ ಬ್ರಷ್ಷಿನ ಹಿಡಿಗೂ ಒಂದು ಬೊಟ್ಟು ಬೀಳುತ್ತಿತ್ತು. ಟೆಲಿಫೋನಿನವನು ತಂತಿ ಎಳೆಯಲು ಬಂದು ಒಳಗೆ ನೀರು ಕುಡಿದು ಬರುವಷ್ಟರಲ್ಲಿ ಅವನ ಏಣಿಯ ಪೂಜೆ ಮುಗಿದಿತ್ತು. ಹರಿಕೃಷ್ಣ ಗಾಂಧಿ ಬಜಾರಿಗೆ ಬಂದರೆ ಸ್ಕೂಟರಿನವರು ಹೆಡ್‌ಲೈಟಿಗೆ ಕೈ ಅಡ್ಡ ಹಿಡಿಯುತ್ತಿದ್ದರು ಎನ್ನುವವರೂ ಇದ್ದಾರೆ. ಅದು ಸ್ವಲ್ಪ ಹೆಚ್ಚಾಯಿತು. ಏಣಿಯ ಕಥೆ ಮಾತ್ರ ನಿಜ.

ಇಂಥ ವೀರ 2005ರಲ್ಲಿ ದಿಗ್ವಿಜಯಕ್ಕೆ ಹೊರಟದ್ದು ಅಂಗೈ ಅಗಲದ ಒಂದು ಹಸಿರು ಸರ್ಕ್ಯೂಟ್ ಬೋರ್ಡನ್ನು ಹಿಡಿದುಕೊಂಡು. ದುಡಿಯುತ್ತಿದ್ದ ಕಾರ್ಖಾನೆ ಸ್ವಯಂನಿವೃತ್ತಿ ಕೊಟ್ಟು ಕಳಿಸಿದ ಮೇಲೆ ಮನೆಯ ಮುಂದಿನ ಕೋಣೆಯೇ ಅವನ ರಣರಂಗವಾಗಿತ್ತು. ಗಾಂಧಿ ಬಜಾರಿನ ಕಾಫಿಪುಡಿ ಅಂಗಡಿಯ ಗಂಗಾಧರಯ್ಯನವರು ಕಾಫಿ ಬೀಜವನ್ನು ಹುರಿಯುತ್ತಿದ್ದುದು ಕಣ್ಣಿನಿಂದಲ್ಲ, ಗಡಿಯಾರದಿಂದಲ್ಲ, ಮೂಗಿನಿಂದ. ಜಯನಗರದಲ್ಲಿ ಇನ್ನೊಂದು ಅಂಗಡಿ ತೆರೆಯುವ ಆಸೆ ಅವರಿಗೆ ಹುಟ್ಟಿತ್ತು. ಆದರೆ ಮೂಗು ಒಂದೇ. ಹುರಿಯುವ ಡ್ರಮ್ಮನ್ನು ತಿರುಗಿಸಿ, ಶಾಖ ನೋಡಿಕೊಂಡು, ಬೀಜ ಹದಕ್ಕೆ ಬಂದ ಕ್ಷಣ ಗಂಟೆ ಬಾರಿಸುವ ಯಂತ್ರ ಮಾಡಿಕೊಡುತ್ತೇನೆಂದು ಹರಿಕೃಷ್ಣ ಒಪ್ಪಿಕೊಂಡ.

"ವಿಜಯದಶಮಿ ದಿನ ನಡೆಸಿ ತೋರ್ಸಿ ಸಾರ್" ಎಂದರು ಗಂಗಾಧರಯ್ಯ. "ನಡೀಲಿಲ್ಲ ಅಂದ್ರೆ ನಂಗೆ ನನ್ ಮೂಗಿದೆ."

ಹರಿಕೃಷ್ಣನಿಗೆ ಇದ್ದದ್ದು ಸುಲ್ತಾನ್‌ಪೇಟೆ. ಅಲ್ಲಿ ಹೆಂಡತಿಯ ಅಣ್ಣ ಧರ್ಮರಾಜುವಿನ ಮದುವೆ ಕಾರ್ಡಿನ ಅಂಗಡಿಯಿತ್ತು. ಯಂತ್ರ ನಡೆಯದಿದ್ದರೆ ಮರುದಿನದಿಂದಲೇ ಅಲ್ಲಿಗೆ ಬಂದು ಕೂರುವುದಾಗಿ ಅವನು ಭಾವಮೈದುನನಿಗೆ ಮಾತು ಕೊಟ್ಟಾಗಿತ್ತು. ಧರ್ಮರಾಜು ಆಗಲೇ ಒಂದು ಸ್ಟೂಲು ತರಿಸಿ ಇಟ್ಟಿದ್ದ.

ಬೋರ್ಡಿನೊಳಗೆ ಕೂರಿಸಬೇಕಾಗಿದ್ದದ್ದು ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಂ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತಿತ್ತು. ಹರಿಕೃಷ್ಣ ಅದನ್ನು ಬ್ರೌಸಿಂಗ್ ಸೆಂಟರಿನಲ್ಲಿ ಇಳಿಸಿ ಸೀಡಿಯಲ್ಲಿ ತಂದ. ಸೀಡಿಗೆ ಕುಂಕುಮ ಇಟ್ಟದ್ದನ್ನು ಬೇರೆ ಹೇಳಬೇಕಾಗಿಲ್ಲ.

"ಅದೇನ್ರೀ ಮಾಡತ್ತೆ?" ಎಂದಳು ಹೆಂಡತಿ ಪ್ರೇಮಲತಾ, ಹುರುಳಿಕಾಯಿ ಸೋಸುತ್ತ.

"ಮದುವೆ ಮನೇಲಿ ಬಡಿಸೋಕೆ ಒಬ್ನೇ ಇದಾನೆ ಅಂದ್ಕೋ. ಅನ್ನ, ಸಾರು, ಪಾಯಸ ಎಲ್ಲಾ ಅವನೇ ಬಡಿಸ್ಬೇಕು. ಜನ ಎದ್ದು ಕೈ ತೊಳೆದ್ಮೇಲೆ ಪಾಯಸ ತಂದ್ರೆ ಏನುಪಯೋಗ? ಆ ಎಲೆ ಖಾಲಿ ಆಯ್ತು, ಮೊದ್ಲು ಅಲ್ಲಿಗೆ ಓಡು ಅಂತ ಪಕ್ಕದಲ್ಲಿ ನಿಂತು ಹೇಳೋನು ಒಬ್ಬ ಬೇಕಲ್ಲ, ಅದೇ ಇದು."

"ಅಂದ್ರೆ ನಮ್ಮಣ್ಣ ಇದ್ದಹಾಗೆ. ತಾನು ಒಂದು ಸೌಟೂ ಮುಟ್ಟಲ್ಲ."

"ನಿಮ್ಮಣ್ಣ ಸರಿಯಾದ ಹೊತ್ತಿಗೆ ಹೇಳಲ್ಲ. ಇದು ಹೇಳತ್ತೆ."

ಹೇಳುವಂತೆ ಮಾಡುವಷ್ಟರಲ್ಲಿ ಹರಿಕೃಷ್ಣ ಹೈರಾಣಾದ. ಡ್ರಮ್ ತಿರುಗಿಸುವ ಕೆಲಸ, ಶಾಖ ಅಳೆಯುವ ಕೆಲಸ, ಗಂಟೆಯ ಕೆಲಸ ಮೂರೂ ದಾಯಾದಿಗಳಂತೆ ಜಗಳಕ್ಕೆ ನಿಂತವು. ಶಾಖಕ್ಕೆ ಪಟ್ಟ ಕಟ್ಟಿದರೆ ಅದು ಗಂಟೆಗೆ ಸರದಿಯನ್ನೇ ಬಿಡುತ್ತಿರಲಿಲ್ಲ. ಗಂಟೆಗೆ ಕೊಟ್ಟ ಮೆಮೊರಿ ಸಾಲದೆ, ಅದು ಬಾಯಿ ತೆರೆದಾಗಲೆಲ್ಲ ಇಡೀ ಬೋರ್ಡೇ ಮೂರ್ಛೆ ಹೋಗುತ್ತಿತ್ತು. ಒಂದಕ್ಕೆ ಸ್ಥಾನ ಇಳಿಸಿ, ಇನ್ನೊಂದಕ್ಕೆ ಜಾಗ ಹೆಚ್ಚಿಸಿ, ಮತ್ತೊಂದನ್ನು ಗದರಿಸಿ, ನವರಾತ್ರಿಯ ಹೊತ್ತಿಗೆ ರಾಜಿ ಮಾಡಿಸಿದ. ಬಿಸಿ ಕಾಫಿಯ ಲೋಟಕ್ಕೆ ಶಾಖದ ತಂತಿ ಅದ್ದಿದೊಡನೆ, ಮೋಟಾರು ನಿಲ್ಲದೆಯೇ ಗಂಟೆ ಟಿಣ್ಣೆಂದಿತು. ಅವನು ಹಿಗ್ಗಿನಲ್ಲಿ ಆ ಕಾಫಿಯನ್ನೇ ಕುಡಿದುಬಿಟ್ಟ.

ಮರುದಿನ ಆಯುಧಪೂಜೆ. ಸ್ಕ್ರೂಡ್ರೈವರ್, ಬೆಸುಗೆ ಕಡ್ಡಿ, ಕಂಪ್ಯೂಟರು, ಪ್ರೇಮಲತಾಳ ಈಳಿಗೆಮಣೆ ಎಲ್ಲವೂ ಸಾಲಾಗಿ ಕೂತವು. ನಡುವೆ ಮಣೆಯ ಮೇಲೆ ಬೋರ್ಡು. ಅದರ ಎದೆಬಡಿತವೆಲ್ಲ ಹುಟ್ಟುವುದು ಕ್ರಿಸ್ಟಲ್ ಎಂಬ ಬಿಲ್ಲೆಯಲ್ಲಿ. ಅದು ಪುಟ್ಟ ಬೆಳ್ಳಿ ಭರಣಿಯ ಹಾಗೆ ಫಳಫಳ ಹೊಳೆಯುತ್ತಿತ್ತು. ಇಷ್ಟು ಶ್ರಮಪಟ್ಟ ಮೇಲೆ ಒಣ ಬೊಟ್ಟು ಸಾಕೇ? ಹರಿಕೃಷ್ಣ ಗಂಧ ತೇಯ್ದು, ಕುಂಕುಮವನ್ನು ನೀರಲ್ಲಿ ಕಲಸಿ, ಆ ಬೆಳ್ಳಿಯ ನೆತ್ತಿಗೆ ಧಾರಾಳವಾಗಿ ಹಚ್ಚಿದ. ಕೆಂಪು ನೀರು ಅದರ ಎರಡು ಕಾಲುಗಳ ಸಂದಿಗೆ ಭಕ್ತಿಯಿಂದ ಇಳಿಯಿತು. ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟುವ ಹಾಗಿಲ್ಲವಾದ್ದರಿಂದ ಯಾರೂ ಮುಟ್ಟಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಕಾಫಿ ಅಂಗಡಿಯ ಹಿಂಭಾಗದಲ್ಲಿ ಗಂಗಾಧರಯ್ಯನವರು ರೇಷ್ಮೆ ಪಂಚೆಯುಟ್ಟು ನಿಂತಿದ್ದರು. ಧರ್ಮರಾಜು ಮೂಟೆಯೊಂದರ ಮೇಲೆ ಆಸೀನನಾಗಿದ್ದ. ಹರಿಕೃಷ್ಣ ಬೋರ್ಡು ಜೋಡಿಸಿ, ಕಣ್ಣಿಗೊತ್ತಿಕೊಂಡು ಸ್ವಿಚ್ಚು ಹಾಕಿದ. ಕರೆಂಟು ಬಂದಿದೆ ಎನ್ನುವ ಕೆಂಪು ದೀಪ ಹತ್ತಿತು. ಡ್ರಮ್ಮು ಮಿಸುಕಲಿಲ್ಲ.

"ಏನ್ಸಾರ್, ಆಯುಧಕ್ಕೆ ಇನ್ನೂ ರಜಾನೇ?" ಎಂದರು ಗಂಗಾಧರಯ್ಯ.

ಹರಿಕೃಷ್ಣ ತಂತಿಗಳನ್ನು ಕಿತ್ತು ಮತ್ತೆ ಸಿಕ್ಕಿಸಿದ. ಫ್ಯೂಸು ನೋಡಿದ. ದಾಯಾದಿಗಳು ಮತ್ತೆ ಕಿತ್ತಾಡಿದರೋ ಎಂದು ಗಂಟೆಯನ್ನು ಶಪಿಸಿದ, ಶಾಖವನ್ನು ಶಪಿಸಿದ. ಬೆವರು ಕನ್ನಡಕದಿಂದ ತೊಟ್ಟಿಕ್ಕಿತು. ಗಂಗಾಧರಯ್ಯನವರು ತಮ್ಮ ಮೂಗನ್ನು ಮೆಲ್ಲಗೆ ಸವರಿಕೊಂಡರು, ಹಳೆಯ ಕುದುರೆಯ ಮೈದಡವುವವರ ಹಾಗೆ.

"ಹೋಗ್ಲಿ ಬಿಡಿ ಭಾವ" ಎಂದ ಧರ್ಮರಾಜು, ಕನಿಕರದಿಂದಲೇ. "ನಾಳೆ ಅಂಗ್ಡಿಗೆ ಬಂದ್ಬಿಡಿ. ಕಾರ್ಡಿನ ಮೂಲೆಗೆಲ್ಲ ಅರಿಶಿನ ಕುಂಕುಮ ಹಚ್ಚಿ ಜೋಡ್ಸಿಡೋದು. ನಿಮ್ ಕೈಗೆ ಹೇಳಿ ಮಾಡ್ಸಿದ್ ಕೆಲ್ಸ. ಆದ್ರೆ ನೀರು ಕಮ್ಮಿ ಹಾಕಿ ಕಲಸ್ಬೇಕು. ಇಲ್ಲಾಂದ್ರೆ ಇಳ್ದು ಅಕ್ಷರ ಎಲ್ಲಾ ಹಾಳಾಗತ್ತೆ."

ಹರಿಕೃಷ್ಣನ ಕೈ ತಂತಿಯ ಮೇಲೆ ನಿಂತಿತು. ಅವನು ಬೋರ್ಡನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಧರ್ಮರಾಜುವನ್ನು ನೋಡಿದ. ಮತ್ತೆ ಬೋರ್ಡನ್ನು ನೋಡಿದ. ಪಕ್ಕದ ಮೆಡಿಕಲ್ ಸ್ಟೋರಿನಿಂದ ಸ್ಪಿರಿಟ್ಟನ್ನೂ ಹತ್ತಿಯನ್ನೂ ತಂದವನೇ ಬೋರ್ಡಿನ ಸಮೇತ ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕಿಕೊಂಡ.

ಹೊರಗೆ ಕಾಫಿಪುಡಿಗೆ ಬಂದವರು ಗುಂಪುಗೂಡಿದರು. "ಒಳಗೆ ಇಡೀ ಪ್ರೋಗ್ರಾಮೇ ಹೊಸದಾಗಿ ಬರೀತಿದಾರೆ" ಎಂದು ಗಂಗಾಧರಯ್ಯನವರು ದನಿ ತಗ್ಗಿಸಿ ಹೇಳಿದರು. "ಯಾವ್ದನ್ನೂ ನೋಡ್ಕೊಳ್ದೆ. ಎಲ್ಲಾ ಬಾಯಿಪಾಠ." ಚಿಕೋರಿ ಬೇಡವೆಂದು ಹೇಳಲು ಬಂದ ಹೆಂಗಸೊಬ್ಬರು ಬಾಗಿಲ ಕಡೆ ನೋಡಿ ಕೈಮುಗಿದರು.

ಹರಿಕೃಷ್ಣ ಹೊರಬಂದು ಸ್ವಿಚ್ಚು ಹಾಕಿದ. ಡ್ರಮ್ಮು ಗೊರಗೊರ ಎಂದು ತಿರುಗಿತು. ಬೀಜ ಹಸಿರಿನಿಂದ ಹಳದಿಯಾಗಿ, ಹಳದಿಯಿಂದ ಕಂದಾಗಿ, ಚಟಚಟ ಸಿಡಿಯತೊಡಗಿತು. ಗಂಗಾಧರಯ್ಯನವರು ಕಣ್ಣುಮುಚ್ಚಿ ಮೂಗನ್ನು ಮೇಲಕ್ಕೆತ್ತಿದರು. ಅವರ ಬಾಯಿ "ಆ..." ಎಂದು ತೆರೆಯುವುದಕ್ಕೂ ಗಂಟೆ ಟಿಣ್ಣೆನ್ನುವುದಕ್ಕೂ ಸರಿಹೋಯಿತು.

ಅವರು ಒಂದು ಹಿಡಿ ಬೀಜ ತೆಗೆದು ಮೂಸಿ, ಒಂದನ್ನು ಕಡಿದು, ಸ್ವಲ್ಪ ಹೊತ್ತು ಅಗಿದರು. "ಜಯನಗರದ ಅಂಗ್ಡಿಗೂ ಒಂದು ಮಾಡಿ ಸಾರ್" ಎಂದರು.

ಧರ್ಮರಾಜು ಮೂಟೆಯಿಂದ ಎದ್ದು ಬಂದ. ಸ್ಟೂಲು ದಂಡವಾಯಿತೆಂಬ ಸಂಕಟ ಮುಖದಲ್ಲಿ ಇರಲೇ ಇಲ್ಲ. ಅಲ್ಲಿದ್ದದ್ದು ಬರೀ ಬೆರಗು.

"ಭಾವ, ನಿಜ ಹೇಳಿ. ಬಾಗ್ಲು ಹಾಕ್ಕೊಂಡು ಒಳಗೆ ಏನ್ ಮಾಡಿದ್ರಿ?"

"ಕುಂಕುಮ ಒರೆಸ್ದೆ" ಎಂದ ಹರಿಕೃಷ್ಣ.